ಬಿಟ್ಟಿದೇವನ ಪ್ಲಾನು

ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮ ಸಂಘದ ಪತ್ರಿಕೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಮೇಲೆ ಕನಿಷ್ಠ ನಾಲ್ಕು ಲೇಖನ ಬಂದು ಬೀಳುತ್ತವೆ. ಹೋದ ವರ್ಷ ನಾವೂ ಒಂದು ಬರೆದಿದ್ದೆವು. ತಪ್ಪೇನಿಲ್ಲ. 1934ರಲ್ಲೇ ಭಾರತದ ಆರ್ಥಿಕತೆಗೆ ಯೋಜನೆ ಬೇಕು ಅಂತ ಒಂದು ಇಡೀ ಪುಸ್ತಕ ಬರೆದವರು ಅವರು. ಪ್ಲಾನಿಂಗ್ ಅಂದ ಕೂಡಲೇ ಅವರ ಪೇಟ ಕಣ್ಮುಂದೆ ಬರೋದು ಸಹಜ. ಆದರೆ ಈ ಸಲ ಅವರ ಕ್ಷಮೆ ಕೇಳಿ, ಅವರಿಗಿಂತ ಸುಮಾರು 800 ವರ್ಷ ಹಿಂದೆ ಇದ್ದ ಒಬ್ಬನ ಕತೆ ಹೇಳ್ತೀವಿ.

ಇದು ಶುರುವಾಗಿದ್ದು ಮ್ಯಾನೇಜ್‌ಮೆಂಟ್ ಪೇಪರಿನಿಂದ. ಮೊದಲ ಮಾಡ್ಯೂಲಿನಲ್ಲೇ ಬರುತ್ತೆ: ಪ್ಲಾನಿಂಗ್, ಆರ್ಗನೈಸಿಂಗ್, ಸ್ಟಾಫಿಂಗ್ ಅಂತ ಒಂದು ಸಾಲು. ಎಲ್ಲಕ್ಕೂ ಮೊದಲು ಪ್ಲಾನಿಂಗ್. ಹೆನ್ರಿ ಫಯೋಲ್ ಅನ್ನೋ ಫ್ರೆಂಚ್ ಗಣಿ ಎಂಜಿನಿಯರು 1916ರಲ್ಲಿ ಪ್ರಕಟಿಸಿದ ಬರಹದಲ್ಲಿ ಆಡಳಿತದ ಕೆಲಸಗಳನ್ನು ಐದಾಗಿ ವಿಂಗಡಿಸಿ, ಮುಂದಾಲೋಚನೆಯನ್ನು ಮೊದಲಿಗೆ ಇಟ್ಟ. ಗುರಿ ಗೊತ್ತು ಮಾಡು, ಸುತ್ತಲ ಪರಿಸ್ಥಿತಿ ಅಂದಾಜು ಮಾಡು, ದಾರಿಗಳನ್ನು ಹುಡುಕು, ಒಂದನ್ನು ಆರಿಸು, ಬಜೆಟ್ ಹಾಕು, ಆಗಾಗ ತಿರುಗಿ ನೋಡು. ಇಷ್ಟನ್ನು ನಾವು ಇಂಟರ್ನಲ್ಸ್ ಹಿಂದಿನ ರಾತ್ರಿ ಬಾಯಿಪಾಠ ಮಾಡಿ, ಹತ್ತು ಮಾರ್ಕಿಗೆ ಬರೆದು, ಮರುದಿನ ಮರೆತೆವು.

ಅದೇ ವಾರ ಸಂಘದವರೆಲ್ಲ ಸೇರಿ ಅರಸೀಕೆರೆ, ಹಳೇಬೀಡು, ಬೇಲೂರು ಅಂತ ಒಂದು ದಿನದ ಟ್ರಿಪ್ ಹಾಕಿದ್ದೆವು. ಎಕ್ಸೆಲ್ ಶೀಟಿನಲ್ಲಿ ಬಣ್ಣ ಬಣ್ಣದ ಟೈಮ್‌ಟೇಬಲ್ಲೂ ಆಗಿತ್ತು. ಬೆಳಗ್ಗೆ ಎಂಟಕ್ಕೆ ಅರಸೀಕೆರೆ ಸ್ಟೇಷನ್, ಹತ್ತಕ್ಕೆ ಹಳೇಬೀಡು, ಎರಡಕ್ಕೆ ಬೇಲೂರು. ನಿಜವಾಗಿ ಅರಸೀಕೆರೆಯಲ್ಲಿ ಇಳಿದಾಗ ಹನ್ನೊಂದೂವರೆ. ಯಾರ ತಪ್ಪೂ ಅಲ್ಲ, ಹನ್ನೆರಡು ಜನರಲ್ಲಿ ಏಳು ಜನ ಅಲಾರಂ ಆರಿಸಿ ಮತ್ತೆ ಮಲಗಿದ್ದರು. ಹಸಿವಾಗಿ ತಟ್ಟೆ ಇಡ್ಲಿ ತಿನ್ನುತ್ತಾ ಕೂತಾಗ ಒಬ್ಬ ಕೇಳಿದ ಪ್ರಶ್ನೆ ಇದು: ಫಯೋಲ್ ಪುಸ್ತಕ ಇಲ್ಲದೆ ಈ ಹೊಯ್ಸಳರು ಹೇಗೆ ಇಷ್ಟೆಲ್ಲ ಮಾಡಿದರು? ರಾಜ ಅಂದ್ರೆ ಆಜ್ಞೆ ಮಾಡೋದು ತಾನೆ, ಅದರಲ್ಲಿ ಪ್ಲಾನಿಂಗ್ ಎಲ್ಲಿ ಬಂತು ಅಂತ ಇನ್ನೊಬ್ಬಳು. ಆ ಜಗಳ ವಾಪಸ್ ಬಂದ ಮೇಲೂ ಮುಗಿಯಲಿಲ್ಲ. ಲೈಬ್ರರಿಯಲ್ಲಿ ಕೂತು ಓದಿದೆವು. ಹಳಗನ್ನಡ ಶಾಸನ ನಮಗೆ ಓದೋಕೆ ಬರಲ್ಲ, ಒಪ್ಪಿಕೊಳ್ತೀವಿ. ಶಾಸನಗಳನ್ನು ಆಧರಿಸಿ ಇತಿಹಾಸಕಾರರು ಬರೆದದ್ದನ್ನು ಓದಿ, ನಾವು ಕಟ್ಟಿಕೊಂಡ ಕತೆ ಇದು.

ಅರಸೀಕೆರೆಯ ಈಶ್ವರ ದೇವಸ್ಥಾನ 1220ರದ್ದು. ಅದರ ಮುಂದಿನ ಮಂಟಪ ನಕ್ಷತ್ರದ ಆಕಾರ, ಹದಿನಾರು ಮೂಲೆ, ಮೇಲೆ ಕಲ್ಲಿನ ಗುಮ್ಮಟದಂಥ ಛಾವಣಿ. ಊರಿನ ಹೆಸರೇ ಅರಸಿಯ ಕೆರೆ, ಅಂದರೆ ರಾಣಿಯ ಕೆರೆ. ಅಲ್ಲಿಂದ ಹಳೇಬೀಡಿಗೆ ಹೋದರೆ 1121ರ ದೇವಸ್ಥಾನ, ಬೇಲೂರಿಗೆ ಹೋದರೆ 1117ರದ್ದು. ಬಸ್ಸು ಮುಂದಕ್ಕೆ ಹೋಗ್ತಿತ್ತು, ನಾವು ಕಾಲದಲ್ಲಿ ಹಿಂದಕ್ಕೆ ಹೋಗ್ತಿದ್ದೆವು. ಹೀಗೆ ಹಿಂದಕ್ಕೆ ಹೋದರೆ ಸಿಗುವವನು ಬಿಟ್ಟಿದೇವ. ಬಿಟ್ಟಿ ಅಂದ್ರೆ ಪುಕ್ಕಟೆ ಅಂತ ನಗಬೇಡಿ. ವಿಷ್ಣು ಅನ್ನೋದೇ ಜನರ ಬಾಯಲ್ಲಿ ಬಿಟ್ಟಿ ಆಗಿದ್ದು ಅನ್ನೋದು ಒಂದು ವಿವರಣೆ. ಶಾಲೆಯ ಪುಸ್ತಕದಲ್ಲಿ ನಾವು ಓದಿದ ಹೆಸರು ವಿಷ್ಣುವರ್ಧನ.

ಅವನ ಮನೆತನ ಮೂಲತಃ ಮಲೆನಾಡಿನದು. ಇವತ್ತು ಮೂಡಿಗೆರೆ ತಾಲ್ಲೂಕಿನಲ್ಲಿರುವ ಅಂಗಡಿ ಅನ್ನೋ ಸಣ್ಣ ಊರು, ಆಗಿನ ಸೊಸೆವೂರು, ಅವರ ಹುಟ್ಟೂರು. ಹುಲಿಯನ್ನು ಕೊಂದ ಸಳನ ಕತೆ ಎಲ್ಲರಿಗೂ ಗೊತ್ತು, ಬೇಲೂರಿನ ಬಾಗಿಲಲ್ಲೇ ಆ ಶಿಲ್ಪ ಇದೆ, ಅದನ್ನು ಬಿಡೋಣ. ಕತೆಗೆ ಬೇಕಾದ್ದು ಇದು: ಇವರು ಸ್ವತಂತ್ರ ರಾಜರಲ್ಲ, ಕಲ್ಯಾಣದ ಚಾಲುಕ್ಯರ ಸಾಮಂತರು. ಅಜ್ಜ ವಿನಯಾದಿತ್ಯ ಚಾಲುಕ್ಯರ ಕೈಕೆಳಗೆ ಆಳಿದ. ಅಪ್ಪ ಎರೆಯಂಗ ಚಾಲುಕ್ಯರ ಪರವಾಗಿ ಮಾಳವದ ಧಾರಾನಗರದ ತನಕ ಹೋಗಿ ಯುದ್ಧ ಮಾಡಿ ಬಂದ. ಯುದ್ಧ ಇವರದ್ದು, ಕೀರ್ತಿ ದೊರೆಯದ್ದು. ಎರೆಯಂಗ ಮತ್ತು ಏಚಲದೇವಿಗೆ ಮೂವರು ಗಂಡುಮಕ್ಕಳು: ಬಲ್ಲಾಳ, ಬಿಟ್ಟಿದೇವ, ಉದಯಾದಿತ್ಯ. ನಮ್ಮವನು ನಡುವಿನವನು.

ಅಣ್ಣ ಬಲ್ಲಾಳ 1102ರಲ್ಲಿ ಪಟ್ಟಕ್ಕೆ ಬಂದ. ಅವನ ಕಾಲದಲ್ಲೇ ಸಾಂತರ ಮನೆತನದ ಜಗದ್ದೇವ ದೋರಸಮುದ್ರದ ಮೇಲೆ, ಅಂದರೆ ಇವತ್ತಿನ ಹಳೇಬೀಡಿನ ಮೇಲೆಯೇ ನುಗ್ಗಿದ. ಅಣ್ಣತಮ್ಮಂದಿರು ಸೇರಿ ಅವನನ್ನು ಹಿಮ್ಮೆಟ್ಟಿಸಿದರು. ಗೆದ್ದರು ನಿಜ, ಆದರೆ ಶತ್ರು ರಾಜಧಾನಿಯ ಬಾಗಿಲಿಗೇ ಬಂದು ಹೋಗಿದ್ದ. ಬಿಟ್ಟಿದೇವ ಮುಂದೆ ಮಾಡಿದ್ದಕ್ಕೆಲ್ಲ ಆ ದಿನದ ಭಯ ಒಂದು ಕಾರಣ ಇರಬೇಕು ಅಂತ ನಮಗೆ ಅನ್ನಿಸುತ್ತೆ. 1108ರಲ್ಲಿ ಬಲ್ಲಾಳ ತೀರಿಕೊಂಡ, ತಮ್ಮ ಪಟ್ಟಕ್ಕೆ ಬಂದ.

ಈಗ ಅವನ ಜಾಗದಲ್ಲಿ ನಿಂತು ನೋಡಿ. ಉತ್ತರಕ್ಕೆ ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ, 1076ರಿಂದ ಸಿಂಹಾಸನದ ಮೇಲೆ ಗಟ್ಟಿಯಾಗಿ ಕೂತವನು, ನಿಮ್ಮ ಒಡೆಯ. ದಕ್ಷಿಣಕ್ಕೆ ಚೋಳರು. ಗಂಗವಾಡಿ 96,000 ಅಂತ ಹೆಸರಾದ ನಾಡು, ತಲಕಾಡಿನ ಸಮೇತ, ಸುಮಾರು 1004ರಿಂದ ಅವರ ಕೈಯಲ್ಲಿ. ನಡುವೆ ನಿಮ್ಮದು ಬೆಟ್ಟ, ಕಾಡು, ಸ್ವಲ್ಪ ಗದ್ದೆ. ನಿಮಗೆ ಬೇಕಾಗಿರೋದು ಯಾರ ಕೈಕೆಳಗೂ ಇಲ್ಲದ ರಾಜ್ಯ. ಇದು ಗುರಿ. ನಾವು ಹತ್ತು ಮಾರ್ಕಿಗೆ ಬರೆದದ್ದರಲ್ಲಿ ಮೊದಲ ಪಾಯಿಂಟು ಮುಗೀತು, ಉಳಿದದ್ದೇ ಕಷ್ಟ.

ಅವನು ಉತ್ತರದ ಕಡೆ ತಿರುಗಲಿಲ್ಲ. ನಮಗೆ ಅವನಲ್ಲಿ ಮೊದಲು ಇಷ್ಟವಾದದ್ದು ಇದೇ. ಅವನಿಗೆ ನಿಜವಾಗಿ ಕಳಚಿಕೊಳ್ಳಬೇಕಾಗಿದ್ದ ನೊಗ ಉತ್ತರದ್ದು, ಆದರೂ ಮೊದಲು ದಕ್ಷಿಣಕ್ಕೆ ಹೋದ. ನಮ್ಮ ಲೆಕ್ಕ ಹೀಗಿದೆ. ಚೋಳರ ಕುಲೋತ್ತುಂಗ 1070ರಿಂದ ಆಳುತ್ತಿದ್ದ, ಆಗ ವಯಸ್ಸಾಗಿತ್ತು. ಅವನ ರಾಜ್ಯ ಆಂಧ್ರದ ವೆಂಗಿಯ ತನಕ ಹರಡಿತ್ತು, ಅಲ್ಲೂ ಚಾಲುಕ್ಯರ ಕಾಟ. ತಲಕಾಡು ಅವನ ಪಾಲಿಗೆ ದೂರದ ಗಡಿ. ಇನ್ನೊಂದು, ಚೋಳರು ಚಾಲುಕ್ಯರಿಗೂ ಹಳೇ ಶತ್ರು. ಸಾಮಂತನೊಬ್ಬ ಒಡೆಯನ ಶತ್ರುವನ್ನು ಹೊಡೆದರೆ ಒಡೆಯ ಬೈಯೋದಕ್ಕೆ ಆಗುತ್ತಾ? ಮೂರನೆಯದು ಕಾವೇರಿ ಬಯಲು. ಅಲ್ಲಿ ಭತ್ತ ಬೆಳೆಯುತ್ತೆ, ಕಂದಾಯ ಬರುತ್ತೆ. ಮುಂದೆ ದೊಡ್ಡವನ ಜೊತೆ ಸೆಣಸಬೇಕಾದರೆ ಮೊದಲು ಖಜಾನೆ ತುಂಬಿರಬೇಕು. ಎರಡು ಕೆಲಸ ಇದ್ದಾಗ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದನ್ನು ನಾವು ನೆಟ್‌ವರ್ಕ್ ಡಯಾಗ್ರಾಮಿನಲ್ಲಿ ಬಾಣ ಹಾಕಿ ತೋರಿಸ್ತೀವಿ. ಅವನು ತೋರಿಸಿದ್ದು ಸೈನ್ಯ ನಡೆಸಿ.

ಪಟ್ಟಕ್ಕೆ ಬಂದು ಎಂಟು ವರ್ಷ ಆದ ಮೇಲೆ, 1116ರಲ್ಲಿ, ತಲಕಾಡು ಬಿತ್ತು. ಗೆದ್ದು ಕೊಟ್ಟವನು ದಂಡನಾಯಕ ಗಂಗರಾಜ. ಚೋಳರ ಕಡೆಯಿಂದ ಅಲ್ಲಿ ಇದ್ದವನು ಅದಿಯಮ. ಅಂದಿನಿಂದ ವಿಷ್ಣುವರ್ಧನ ತಲಕಾಡುಗೊಂಡ. ಒಂದು ಮಜಾ ನೋಡಿ: 1116ಕ್ಕೆ ಸರಿಯಾಗಿ 800 ಸೇರಿಸಿದರೆ 1916, ಫಯೋಲ್ ಬರಹ ಬಂದ ವರ್ಷ. ಇದರಲ್ಲಿ ಅರ್ಥ ಏನೂ ಇಲ್ಲ, ಆದರೆ ವರ್ಷ ನೆನಪಿಟ್ಟುಕೊಳ್ಳೋಕೆ ಉಪಯೋಗ ಆಗುತ್ತೆ. ಅದೇ ಹೊತ್ತಿಗೆ ಇನ್ನೊಬ್ಬ ದಂಡನಾಯಕ ಪುಣಿಸ ನೀಲಗಿರಿ ಬೆಟ್ಟ ಹತ್ತಿದ. ಆ ಬೆಟ್ಟದ ಹೆಸರು ಸಿಗುವ ಹಳೆಯ ದಾಖಲೆಗಳಲ್ಲಿ ಅವನ 1117ರ ಶಾಸನ ಒಂದು.

ಗಂಗರಾಜನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಬಿಟ್ಟಿದೇವ ಜೈನ ಮನೆತನದಲ್ಲಿ ಹುಟ್ಟಿ, ಮೇಲುಕೋಟೆಯ ಕಡೆ ಬಂದಿದ್ದ ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದ ಅಂತ ಸಂಪ್ರದಾಯ ಹೇಳುತ್ತೆ. ಗಂಗರಾಜ ಮಾತ್ರ ಕೊನೆ ತನಕ ಜೈನನಾಗೇ ಉಳಿದ. ಪಟ್ಟದರಸಿ ಶಾಂತಲಾದೇವಿಯೂ ಜೈನಳೇ, 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಗೆದ್ದು ಬಂದ ಗಂಗರಾಜನಿಗೆ ರಾಜ ಬೇಕಾದ್ದು ಕೇಳು ಅಂದಾಗ ಅವನು ಹಳ್ಳಿ ಕೇಳಿ ಪಡೆದು ಅದನ್ನು ಗೊಮ್ಮಟನ ಪೂಜೆಗೆ ಬಿಟ್ಟುಕೊಟ್ಟ. ಗೊಮ್ಮಟನ ಸುತ್ತ ಇವತ್ತು ನಾವು ನೋಡುವ ಸುತ್ತಾಲಯ ಅವನು ಕಟ್ಟಿಸಿದ್ದು. ದೇವರು ಬೇರೆ ಆದರೂ ಸೇನಾಪತಿ ಬದಲಾಗಲಿಲ್ಲ. ನಾವು ಫೆಸ್ಟ್ ಕಮಿಟಿ ಮಾಡುವಾಗ ಬ್ರಾಂಚ್ ನೋಡಿ, ಹಾಸ್ಟೆಲ್ ನೋಡಿ, ನಮ್ಮೂರಿನವನಾ ಅಂತ ನೋಡಿ ಆರಿಸ್ತೀವಲ್ಲ, ಅದನ್ನು ನೆನೆದು ಸ್ವಲ್ಪ ನಾಚಿಕೆ ಆಯ್ತು.

ತಲಕಾಡು ಗೆದ್ದ ಮರುವರ್ಷ, 1117ರ ಮಾರ್ಚಿನಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆ. ಈಗ ನಾವು ಚೆನ್ನಕೇಶವ ಅನ್ನುವ ದೇವರು. ಪಕ್ಕದ ಕಪ್ಪೆಚೆನ್ನಿಗರಾಯನ ಗುಡಿ ಶಾಂತಲಾದೇವಿ ಕಟ್ಟಿಸಿದ್ದು. ಸಿವಿಲ್ ಬ್ರಾಂಚಿನ ಗೆಳೆಯರು ಇಲ್ಲಿ ತಡೆದರು. ಗೆಲುವಿನ ನೆನಪಿಗೆ ಕಟ್ಟಿದ್ದು ಅಂತೀರಿ, ಗೆದ್ದು ಒಂದು ವರ್ಷದೊಳಗೆ ಇಷ್ಟು ದೊಡ್ಡ ದೇವಸ್ಥಾನ ಏಳೋಕೆ ಸಾಧ್ಯವಾ? ಎರಡು ಉತ್ತರ ಹೊಳೆಯಿತು. ಯುದ್ಧ ಮುಗಿಯೋ ಮೊದಲೇ ಪಾಯ ಹಾಕಿರಬೇಕು. ಅಥವಾ ಗರ್ಭಗುಡಿ, ಮಂಟಪ ಆದ ಕೂಡಲೇ ಪ್ರತಿಷ್ಠೆ ಮಾಡಿ, ಉಳಿದ ಕೆತ್ತನೆಯನ್ನು ನಿಧಾನಕ್ಕೆ ನಡೆಸಿರಬೇಕು. ಎರಡೂ ನಿಜ ಇರಬಹುದು. ಎರಡನೆಯದಕ್ಕೆ ಕಣ್ಣೆದುರೇ ಸಾಕ್ಷಿ ಇದೆ: ಮಂಟಪ ಮೊದಲು ಸುತ್ತಲೂ ತೆರೆದೇ ಇತ್ತು, ಕಂಬಗಳ ನಡುವಿನ ಕಲ್ಲಿನ ಜಾಲಂಧ್ರಗಳನ್ನು ಕೂರಿಸಿದ್ದು ಆಮೇಲೆ. ಅಂದರೆ ಮೊದಲ ಹಂತ ಮುಗಿದಾಗಲೇ ಕಟ್ಟಡ ಬಳಕೆಗೆ ಬಂತು, ಪೂಜೆ ಶುರುವಾಯ್ತು, ಮುಂದಿನ ಹಂತಕ್ಕೆ ಜಾಗ ಉಳೀತು. ಎಲ್ಲ ಮುಗಿದ ಮೇಲೇ ರಿಬ್ಬನ್ ಕತ್ತರಿಸ್ತೀವಿ ಅಂತ ಕೂತಿದ್ದರೆ ಅವನ ಜೀವಮಾನದಲ್ಲಿ ಅದು ಆಗ್ತಿರಲಿಲ್ಲ.

ಕಲ್ಲಿನ ಆಯ್ಕೆಯೂ ಅಷ್ಟೇ. ಅವನ ಮೊದಲು ಈ ಕಡೆ ಗಟ್ಟಿ ಗ್ರಾನೈಟಿನಲ್ಲಿ ಕಟ್ಟುತ್ತಿದ್ದರು. ಬೇಲೂರಿನಲ್ಲಿ ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಮೆತ್ತಗಿದ್ದಾಗ ಬೆರಳಿನ ಉಂಗುರದ ತನಕ ಕೆತ್ತಬಹುದು, ಕಂಬವನ್ನು ತಿರುಗಿಸಿ ನುಣುಪು ಮಾಡಬಹುದು. ನವರಂಗದ ಕಂಬಗಳ ಗುಂಡು ಬಳೆಗಳನ್ನು ನೋಡಿ ಮೆಕ್ಯಾನಿಕಲ್‌ನವರು ಲೇತ್ ಲೇತ್ ಅಂತ ಕುಣಿದಾಡಿದರು. ಅವರು ಕುಣಿದದ್ದು ಸರಿ, ಕಂಬವನ್ನು ತಿರುಗಿಸಿ ಕಡೆಯೋದು ಆ ಕಾಲದ ರೂಢಿ.

ಶಿಲ್ಪಿ ಅಂದ್ರೆ ಎಲ್ಲರ ಬಾಯಲ್ಲೂ ಜಕಣಾಚಾರಿ. ಕತೆ ಚೆನ್ನಾಗಿದೆ, ಆದರೆ ಬೇಲೂರಿನ ಕಲ್ಲಿನ ಮೇಲಿರುವ ಸಹಿಗಳಲ್ಲಿ ಆ ಹೆಸರಿಲ್ಲ. ಇರುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಂಥವರದು. ಗೋಡೆಯ ಮೇಲೆ ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರಲ್ಲಿ ಕೆಲವರನ್ನು ಕಡೆದವರು ಈ ಅಪ್ಪಮಗ. ಬಳ್ಳಿಗಾವೆ ಇವತ್ತಿನ ಶಿಕಾರಿಪುರ ತಾಲ್ಲೂಕಿನ ಊರು, ಆಗ ಚಾಲುಕ್ಯರ ಸೀಮೆ. ಯಾವ ಒಡೆಯನಿಂದ ಬಿಡಿಸಿಕೊಳ್ಳಬೇಕು ಅಂತ ಇದ್ದನೋ ಅದೇ ಒಡೆಯನ ನಾಡಿನ ಕಲೆಗಾರರನ್ನು ಕರೆಸಿ ಕೆಲಸ ಕೊಟ್ಟಿದ್ದ! ನಮ್ಮಲ್ಲಿ ಇಲ್ಲದ್ದು ಎಲ್ಲಿದೆ ಅಂತ ಹುಡುಕಿ ತರೋದಕ್ಕೆ ಅವನಿಗೆ ಬಿಗುಮಾನ ಅಡ್ಡ ಬರಲಿಲ್ಲ. ಜೊತೆಗೆ ದೇವಸ್ಥಾನದ ನಿತ್ಯದ ಖರ್ಚಿಗೆ, ಅಲ್ಲಿ ಕೆಲಸ ಮಾಡುವವರ ಜೀವನಕ್ಕೆ ದತ್ತಿ ಬಿಟ್ಟ. ಕಟ್ಟೋದಕ್ಕೆ ಮಾತ್ರ ದುಡ್ಡು ಇಟ್ಟು, ನಡೆಸೋದಕ್ಕೆ ಇಡದೆ ಬೀಗ ಬಿದ್ದ ಕಟ್ಟಡಗಳನ್ನು ನಾವೆಲ್ಲ ನೋಡಿದ್ದೀವಿ.

ಇಷ್ಟು ಓದಿದಾಗ ನಮ್ಮಲ್ಲಿ ಅರ್ಧ ಜನ ಅವನ ಅಭಿಮಾನಿಗಳಾಗಿದ್ದರು. ಇನ್ನರ್ಧ ಜನರಿಗೆ ಮುಂದಿನ ಪುಟ ಸಿಕ್ಕಿತು.

ತಲಕಾಡಿನ ಗೆಲುವು ಅವನ ತಲೆಗೆ ಏರಿತು ಅಂತ ಕಾಣುತ್ತೆ. ಉತ್ತರಕ್ಕೆ, ನೊಳಂಬವಾಡಿ ಬನವಾಸಿ ಕಡೆಗೆ, ಕೈ ಚಾಚಿದ. ವಿಕ್ರಮಾದಿತ್ಯ ಇನ್ನೂ ಬದುಕಿದ್ದ, ಗಟ್ಟಿಯಾಗೇ ಇದ್ದ. ಅವನು ಹನ್ನೆರಡು ಸಾಮಂತರನ್ನು ಸೇರಿಸಿ ಸೈನ್ಯ ಕಳಿಸಿದ. 1118ರಲ್ಲಿ ಕಣ್ಣೇಗಾಲದಲ್ಲಿ ಬೀಡುಬಿಟ್ಟಿದ್ದ ಆ ಸೈನ್ಯದ ಮೇಲೆ ಗಂಗರಾಜ ರಾತ್ರಿ ಹೊತ್ತು ಬಿದ್ದು ಚೆದುರಿಸಿಬಿಟ್ಟ. ಅದ್ಭುತ ಗೆಲುವು. ಆದರೆ ಪ್ಲಾನಿನಲ್ಲಿ ಇದರ ನಂತರ ಏನು ಅನ್ನೋದು ಇದ್ದಂತೆ ಕಾಣೋದಿಲ್ಲ. ಒಂದು ಸೈನ್ಯ ಸೋತರೆ ಇನ್ನೊಂದನ್ನು ಕಳಿಸುವ ಶಕ್ತಿ ಚಾಲುಕ್ಯರಿಗಿತ್ತು, ಹೊಯ್ಸಳರಿಗೆ ಇರಲಿಲ್ಲ. ಸಿಂದ ಮನೆತನದ ಆಚುಗಿ ಚಾಲುಕ್ಯರ ಪರವಾಗಿ ಬಂದು ಹೊಯ್ಸಳರನ್ನು ಹಿಂದಕ್ಕೆ ಅಟ್ಟಿದ. ಕೆಲವೇ ವರ್ಷಗಳಲ್ಲಿ ವಿಷ್ಣುವರ್ಧನ ಮತ್ತೆ ತಲೆಬಾಗಿ ಸಾಮಂತನಾಗಿ ನಿಲ್ಲಬೇಕಾಯ್ತು.

ಮೊದಲು ದಕ್ಷಿಣ, ಉತ್ತರದ ದೊಡ್ಡವನು ದುರ್ಬಲ ಆದ ಮೇಲೆ ಉತ್ತರ ಅನ್ನೋದು ಅವನ ಲೆಕ್ಕ ಆಗಿದ್ದರೆ, ಎರಡನೇ ಬಾಣವನ್ನು ಮೊದಲನೆಯದು ಗುರಿ ಮುಟ್ಟಿದ ಖುಷಿಯಲ್ಲಿ ಬೇಗ ಬಿಟ್ಟುಬಿಟ್ಟ. ನಮಗೆ ಇದು ಹೊಸದಲ್ಲ. ಮೊದಲ ಸೆಮ್ ಚೆನ್ನಾಗಿ ಆಯ್ತು ಅಂತ ಎರಡನೇ ಸೆಮ್‌ನಲ್ಲಿ ನಾಲ್ಕು ಕ್ಲಬ್ ಸೇರಿಕೊಂಡವರು ನಮ್ಮಲ್ಲೇ ಇದ್ದಾರೆ.

ಇದರ ನಡುವೆಯೇ ಹಳೇಬೀಡು. 1121ರ ಹೊತ್ತಿಗೆ ಅವನ ಅಧಿಕಾರಿ ಕೇತಮಲ್ಲ ದೋರಸಮುದ್ರದ ಕೆರೆಯ ದಡದಲ್ಲಿ ಶಿವನಿಗೆ ದೊಡ್ಡ ದೇವಸ್ಥಾನ ಶುರು ಮಾಡಿಸಿದ. ಪಕ್ಕಪಕ್ಕದಲ್ಲಿ ಎರಡು ಗರ್ಭಗುಡಿ, ಒಂದು ರಾಜನ ಹೆಸರಿನ ಹೊಯ್ಸಳೇಶ್ವರ, ಇನ್ನೊಂದು ರಾಣಿಯ ಹೆಸರಿನ ಶಾಂತಲೇಶ್ವರ. ವೈಷ್ಣವ ರಾಜ, ಜೈನ ರಾಣಿ, ಶಿವನ ಗುಡಿ. ಬೇಲೂರಿನದ್ದು ರಾಜನೇ ಮುಂದೆ ನಿಂತು ಮಾಡಿಸಿದ ಕೆಲಸ, ಇದು ಕೈಕೆಳಗಿನವರಿಗೆ ಬಿಟ್ಟ ಕೆಲಸ. ಆದರೆ ಮಗನ ಕಾಲದಲ್ಲೂ ಕೆಲಸ ಸಾಗುತ್ತಲೇ ಇತ್ತು, ಶಿಖರ ಇವತ್ತಿಗೂ ಇಲ್ಲ. ಗೋಡೆಯ ಒಂದೊಂದು ಗೇಣೂ ತುಂಬಿದೆ, ತಲೆ ಮಾತ್ರ ಬೋಳು. ಹುಲ್ಲಿನ ಮೇಲೆ ಕೂತು ಎಷ್ಟೋ ಹೊತ್ತು ವಾದ ಮಾಡಿದೆವು. ಇದು ಸ್ಕೋಪ್ ಮಿತಿ ಮೀರಿದ ಪ್ರಾಜೆಕ್ಟಾ ಅಥವಾ ಮುಗಿಸೋ ಅವಸರವೇ ಇಲ್ಲದ ಪ್ರಾಜೆಕ್ಟಾ? ಬೇಲೂರಿನ ಗರ್ಭಗುಡಿಯ ಮೇಲೂ ಈಗ ಶಿಖರ ಇಲ್ಲ, ಆದರೆ ಅದರ ಕತೆ ಬೇರೆ. ಅಲ್ಲಿ ಇತ್ತು, ಭಾರ ತಡೆಯೋದಿಲ್ಲ ಅಂತ 1879ರಲ್ಲಿ ಇಳಿಸಿದರು.

ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಅಲ್ಲಲ್ಲಿ ವೀರಗಲ್ಲು ನಿಂತಿರುತ್ತವೆ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಸತ್ತವನನ್ನು ಹೊತ್ತೊಯ್ಯೋದು, ಮೇಲೆ ಸ್ವರ್ಗ. ರಾಜನ ಪ್ಲಾನ್ ಶೀಟಿನಲ್ಲಿ ಮಾನವ ಸಂಪನ್ಮೂಲ ಅಂತ ಬರೆಯುವ ಕಾಲಂ ಇದ್ದಿದ್ದರೆ ಅದರ ಲೆಕ್ಕ ಈ ಕಲ್ಲುಗಳಲ್ಲಿದೆ. ಅವನನ್ನು ಒಪ್ಪದ ಗೆಳತಿ ಇದನ್ನು ಹೇಳಿದಾಗ ನಮ್ಮಲ್ಲಿ ಯಾರಿಗೂ ಉತ್ತರ ಕೊಡೋಕೆ ಆಗಲಿಲ್ಲ. ಒಬ್ಬನ ಗುರಿಗೆ ಇನ್ನೊಬ್ಬರ ಮಗ ಸಾಯೋದನ್ನು ಯಾವ ಮಾಡ್ಯೂಲಿನಲ್ಲಿ ಬರೆಯೋದು?

ಮತ್ತೆ ರಾಜನ ಕಡೆಗೆ ಬರೋಣ. ಸೋತ ಮೇಲೆ ಅವನು ಮಾಡಿದ್ದು ನಮ್ಮ ಪ್ರಕಾರ ಗೆದ್ದಾಗ ಮಾಡಿದ್ದಕ್ಕಿಂತ ದೊಡ್ಡದು. ಅವನು ಕಾದ. ಗುರಿ ಬಿಡಲಿಲ್ಲ, ಆದರೆ ಗಡಿಯಾರ ಬದಲಿಸಿದ. 1126ರಲ್ಲಿ ವಿಕ್ರಮಾದಿತ್ಯ ಸತ್ತ. ಐವತ್ತು ವರ್ಷ ಆಳಿದವನ ಜಾಗಕ್ಕೆ ಮೂರನೇ ಸೋಮೇಶ್ವರ ಬಂದ. ಆಮೇಲೆ ವಿಷ್ಣುವರ್ಧನ ಒಂದೊಂದೇ ಹೆಜ್ಜೆ ಉತ್ತರಕ್ಕೆ ಇಟ್ಟ, ಈ ಸಲ ನಿಧಾನಕ್ಕೆ. ಅವನ ಬಿರುದುಗಳ ಸಾಲು ಓದಿದರೆ ಮುಗಿದ ಕೆಲಸಕ್ಕೆ ಟಿಕ್ ಹಾಕಿದ ಪಟ್ಟಿ ಥರ ಇದೆ: ತಲಕಾಡು, ಕೊಂಗು, ನಂಗಲಿ, ಗಂಗವಾಡಿ, ನೊಳಂಬವಾಡಿ, ಬನವಾಸಿ, ಹಾನಗಲ್ಲು, ಕೊನೆಗೆ ಗೊಂಡ. ಕೊನೆಯ ವರ್ಷಗಳಲ್ಲಿ ಅವನು ಬೇಲೂರಿಗಿಂತ ಹೆಚ್ಚಾಗಿ ಇವತ್ತಿನ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ ಇರುತ್ತಿದ್ದ. ಹೊಸ ಗಡಿ ಎಲ್ಲಿದೆಯೋ ಅಲ್ಲೇ ಮನೆ.

ಆ ವರ್ಷಗಳಲ್ಲಿ ಜೊತೆಯವರು ಒಬ್ಬೊಬ್ಬರಾಗಿ ಹೋದರು. 1131ರಲ್ಲಿ ಶಾಂತಲಾದೇವಿ ಶಿವಗಂಗೆಯಲ್ಲಿ ತೀರಿಕೊಂಡಳು. ಗಂಗರಾಜನೂ ಹೋದ. ಅಪ್ಪನ ನೆನಪಿಗೆ ಗಂಗರಾಜನ ಮಗ ಬೊಪ್ಪ 1133ರಲ್ಲಿ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಹೊಯ್ಸಳೇಶ್ವರ ನೋಡಿ ವಾಪಸ್ ಹೋಗಿಬಿಡುವವರು ಈ ಬಸದಿಯನ್ನು ತಪ್ಪಿಸಿಕೊಳ್ತಾರೆ, ನೀವು ಹೋಗಿ. ಒಳಗೆ ತಣ್ಣಗಿರುತ್ತೆ, ಕಂಬಗಳು ಕನ್ನಡಿ ಥರ. ಪ್ರತಿಷ್ಠೆಯ ಪ್ರಸಾದ ತೆಗೆದುಕೊಂಡು ಪುರೋಹಿತರು ಬಂಕಾಪುರಕ್ಕೆ ಹೋದಾಗ ರಾಜ ಆಗಷ್ಟೇ ಒಂದು ಯುದ್ಧ ಗೆದ್ದಿದ್ದ, ರಾಣಿ ಲಕ್ಷ್ಮಾದೇವಿಗೆ ಗಂಡು ಮಗುವಾದ ಸುದ್ದಿಯೂ ಬಂದಿತ್ತು. ಆ ಸಂತೋಷಕ್ಕೆ ಅವನು ಬಸದಿಯ ದೇವರಿಗೆ ವಿಜಯಪಾರ್ಶ್ವ ಅಂತಲೂ, ಮಗನಿಗೆ ವಿಜಯನರಸಿಂಹ ಅಂತಲೂ ಹೆಸರಿಟ್ಟ. ಮಗ ಹುಟ್ಟಿದ ದಿನದಿಂದಲೇ ಅವನಿಗೆ ಪಟ್ಟ ಕಟ್ಟಿಯಾಗಿತ್ತು ಎನ್ನುತ್ತಾರೆ ಇತಿಹಾಸಕಾರರು. ತಾನು ಹೋದ ಮೇಲೆ ಯಾರು ಅನ್ನೋ ಗೊಂದಲ ಬೇಡ ಅನ್ನೋ ಲೆಕ್ಕ ಇರಬೇಕು.

ಆದರೆ ಮಗು ಮಗುವೇ. ವಿಷ್ಣುವರ್ಧನ ಬಂಕಾಪುರದಲ್ಲೇ ಸತ್ತ. ಅದು 1142ರ ಸುಮಾರಿಗೆ ಅಂತ ಕೆಲವು ವಿದ್ವಾಂಸರು, 1152ರಲ್ಲಿ ಅಂತ ಇನ್ನು ಕೆಲವರು. ಮೊದಲನೆಯದು ಸರಿಯಾದರೆ ನರಸಿಂಹನಿಗೆ ಆಗ ಒಂಬತ್ತು ವರ್ಷ, ಎರಡನೆಯದಾದರೆ ಹತ್ತೊಂಬತ್ತು. ಹತ್ತೊಂಬತ್ತು ಅಂದ್ರೆ ನಮ್ಮ ವಯಸ್ಸು. ನಮಗೆ ಹನ್ನೆರಡು ಜನರನ್ನು ಎಂಟು ಗಂಟೆಗೆ ಅರಸೀಕೆರೆಗೆ ತಲುಪಿಸೋಕೆ ಆಗಲಿಲ್ಲ. ನರಸಿಂಹ ಅಪ್ಪನಷ್ಟು ಗಟ್ಟಿಗನಾಗಲಿಲ್ಲ, ಅಪ್ಪ ಗೆದ್ದ ಉತ್ತರದ ನೆಲದ ಮೇಲಿನ ಹಿಡಿತ ಸಡಿಲವಾಯ್ತು.

ಇನ್ನೂ ಒಂದು ಸಂಗತಿ ನಮ್ಮನ್ನು ಕಾಡಿತು. ಇಷ್ಟೆಲ್ಲ ಗೆದ್ದರೂ ವಿಷ್ಣುವರ್ಧನ ಕೊನೆ ತನಕ ಮಹಾಮಂಡಲೇಶ್ವರ ಅನ್ನುವ ಸಾಮಂತನ ಬಿರುದನ್ನೇ ಇಟ್ಟುಕೊಂಡಿದ್ದ. ನಡೆಯಲ್ಲಿ ಸ್ವತಂತ್ರ, ಕಾಗದದ ಮೇಲೆ ಅಲ್ಲ. ಗುರಿ ತಲುಪಲಿಲ್ಲ ಅನ್ನೋದಾದರೆ ಪ್ಲಾನ್ ಫೇಲಾ? ನಮ್ಮಲ್ಲಿ ಐದು ಜನ ಫೇಲ್ ಅಂದರು, ಆರು ಜನ ಅಲ್ಲ ಅಂದರು, ಒಬ್ಬ ನಿದ್ದೆ ಮಾಡ್ತಿದ್ದ. ಅಲ್ಲ ಅಂದ ನಮ್ಮ ವಾದ ಇಷ್ಟು: ನಡುವೆ ಮಗ ಸಡಿಲ ಬಿಟ್ಟರೂ, ಮೊಮ್ಮಗ ಎರಡನೇ ಬಲ್ಲಾಳ 1173ರಲ್ಲಿ ಪಟ್ಟಕ್ಕೆ ಬಂದಾಗ ಅವನ ಕೈಗೆ ಮಲೆನಾಡಿನ ಸಣ್ಣ ಪಾಳೆಯ ಸಿಗಲಿಲ್ಲ. ಗಂಗವಾಡಿಯ ಕಂದಾಯ, ಕಟ್ಟಿದ ರಾಜಧಾನಿ, ಉತ್ತರಕ್ಕೆ ಹೋಗೋ ದಾರಿ ಸಿಕ್ಕಿದವು. ಅಷ್ಟು ಹೊತ್ತಿಗೆ ಚಾಲುಕ್ಯರು ಕುಸಿದಿದ್ದರು. ಗದಗಿನ ಹತ್ತಿರದ ಸೊರಟೂರಿನಲ್ಲಿ ಸೇವುಣರನ್ನು ಸೋಲಿಸಿ, 1190ರ ದಶಕದ ಶುರುವಿನಲ್ಲಿ ಬಲ್ಲಾಳ ಚಕ್ರವರ್ತಿಯ ಬಿರುದು ಧರಿಸಿದ. ತಾತ ಹಾಕಿದ ಲೆಕ್ಕಕ್ಕೆ ಉತ್ತರ ಬಂದಾಗ ತಾತ ಸತ್ತು ನಲವತ್ತು ವರ್ಷ ಆಗಿತ್ತು. ನಾವು ಬೆಳಗ್ಗೆ ನೋಡಿದ ಅರಸೀಕೆರೆಯ ಗುಡಿ ಇದೇ ಬಲ್ಲಾಳನ ಆಳ್ವಿಕೆಯ ಕೊನೆಯ ವರ್ಷದ್ದು.

ನಾವು ಬೇಲೂರಿಗೆ ತಲುಪಿದಾಗ ಸಂಜೆ ಐದು. ಹೊರಗಿನ 42 ಅಡಿ ಎತ್ತರದ, ತನ್ನ ತೂಕದಿಂದಲೇ ನಿಂತ ಕಲ್ಲಿನ ಕಂಬದ ಹತ್ತಿರ ಎಲ್ಲರೂ ಸೆಲ್ಫಿ ತೆಗೆದುಕೊಂಡರು. ಅದು ಹೊಯ್ಸಳರದ್ದಲ್ಲ, ವಿಜಯನಗರ ಕಾಲದ್ದು. ಆಮೇಲೆ ಪೂರ್ವದ ಬಾಗಿಲ ಹತ್ತಿರ ಬಂದೆವು. ತೆರೆದಿದ್ದ ಮಂಟಪಕ್ಕೆ ಜಾಲಂಧ್ರ ಕೂರಿಸಿದವನು ಮೊಮ್ಮಗ ಬಲ್ಲಾಳ ಅಂತ ಹೇಳ್ತಾರೆ. ಬಾಗಿಲ ಪಕ್ಕದ ಒಂದು ಜಾಲಂಧ್ರದಲ್ಲಿ ರಾಜನೊಬ್ಬ ಒಡ್ಡೋಲಗದಲ್ಲಿ ಕೂತಿದ್ದಾನೆ, ಪಕ್ಕದಲ್ಲಿ ರಾಣಿ, ಸುತ್ತ ಅಧಿಕಾರಿಗಳು. ಅದು ವಿಷ್ಣುವರ್ಧನ ಮತ್ತು ಶಾಂತಲೆ ಅಂತ ನಂಬಿಕೆ. ಕಲ್ಲಿನ ತೂತುಗಳಿಂದ ಒಳಗೆ ಸ್ವಲ್ಪ ಸ್ವಲ್ಪವೇ ಬೆಳಕು ಹೋಗ್ತಿತ್ತು. ಅಲ್ಲಿ ನಿಂತು ಅವನ ಮುಖ ನೋಡೋಕೆ ಪ್ರಯತ್ನ ಪಟ್ಟೆವು. ಮುಖ ಸವೆದಿದೆ. ಅಷ್ಟರಲ್ಲಿ ಯಾರೋ ಟೈಮ್ ನೋಡಿ ಅರಸೀಕೆರೆ ಬಸ್ಸು ಅಂತ ಕೂಗಿದರು, ಹನ್ನೆರಡೂ ಜನ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆವು.